ಅಪ್ಪನ ನೈಟ್ ವಾರ

ನಮ್ಮ ಮನೆಯಲ್ಲಿ ನೈಟ್ ಎಂದರೆ ರಾತ್ರಿ ಅಲ್ಲ. ರಾತ್ರಿಗೆ ನಾವು ರಾತ್ರಿ ಅಂತಲೇ ಅನ್ನುತ್ತಿದ್ದೆವು. ನೈಟ್ ಎಂಬುದು ಬೆಳಿಗ್ಗೆ ಏಳು ಗಂಟೆಗೆ ಚಪ್ಪಲಿ ಬಿಟ್ಟು ಒಳಗೆ ಬರುತ್ತಿತ್ತು. ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಪೂಜೆ ಮುಗಿಸಿ, ಎರಡು ರೊಟ್ಟಿ ತಿಂದು ಒಂಬತ್ತಕ್ಕೆ ಮಲಗುತ್ತಿತ್ತು. ಮಧ್ಯಾಹ್ನ ಮೂರಕ್ಕೆ ಏಳುತ್ತಿತ್ತು. ಅಷ್ಟು ಹೊತ್ತು ಮನೆಯಲ್ಲಿ ಯಾರೂ ಕೆಮ್ಮುವ ಹಾಗಿರಲಿಲ್ಲ.

ಆರನೇ ಕ್ಲಾಸಿನಲ್ಲಿ ಇಂಗ್ಲಿಷ್ ಟೀಚರು ಬೋರ್ಡಿನ ಮೇಲೆ ಹತ್ತು ಪದ ಬರೆದು ಒಂದೊಂದಕ್ಕೂ ವಾಕ್ಯ ಮಾಡಿರೆಂದರು. ನೈಟ್ ಎಂಬುದಕ್ಕೆ ಪಕ್ಕದವಳು ಚಂದ್ರನನ್ನು ಕರೆದುಕೊಂಡು ಬಂದಳು, ಇನ್ನೊಬ್ಬಳು ನಕ್ಷತ್ರ ತಂದಳು. ನಾನು, ನೈಟ್ ಮಲಗಿದೆ, ಗಲಾಟೆ ಮಾಡಬೇಡಿ, ಎಂಬ ಅರ್ಥ ಬರುವಂತೆ ಬರೆದೆ. ಟೀಚರು ಅದನ್ನು ಇಡೀ ಕ್ಲಾಸಿಗೆ ಓದಿ ಹೇಳಿದರು. ಎಲ್ಲರೂ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಆ ವಾಕ್ಯದಲ್ಲಿ ಏನು ತಪ್ಪಿತ್ತೆಂದು ನನಗೆ ಇವತ್ತಿಗೂ ತಿಳಿದಿಲ್ಲ.

ಅಪ್ಪನಿಗೆ ರೈಲ್ವೆ ಕ್ಯಾಬಿನ್ನಿನಲ್ಲಿ ಕೆಲಸ. ಹಳಿಯ ಪಕ್ಕದಲ್ಲಿ ಎತ್ತರಕ್ಕೆ ಕಟ್ಟಿದ ಕೋಣೆ ಅದು, ಒಳಗೆ ಸಾಲಾಗಿ ನಿಂತ ಕಬ್ಬಿಣದ ಸನ್ನೆಗಳು. ಒಂದನ್ನು ಎಳೆದರೆ ದೂರದಲ್ಲಿ ಸಿಗ್ನಲ್ ಇಳಿಯುತ್ತದೆ, ಇನ್ನೊಂದನ್ನು ಎಳೆದರೆ ರೈಲು ಈ ಹಳಿ ಬಿಟ್ಟು ಆ ಹಳಿಗೆ ಹೋಗುತ್ತದೆ. ಹುಬ್ಬಳ್ಳಿಯಲ್ಲಿ ಕೆಲಸಕ್ಕೆ ಸೇರಿ, ಅರವತ್ತರ ದಶಕದಲ್ಲಿ ಮದರಾಸಿಗೆ ಬಂದವನು ಅಪ್ಪ. ಮೂರು ವಾರಕ್ಕೊಮ್ಮೆ ನೈಟ್ ವಾರ ಬರುತ್ತಿತ್ತು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರು, ಆರು ದಿನ ಸತತ. ವೆಸ್ಟ್ ಮಾಂಬಲಂನ ಓಣಿಯೊಂದರಲ್ಲಿ ಐದು ಬಿಡಾರಗಳ ವಠಾರ, ನಮ್ಮದು ಮೂರನೆಯದು. ನಡುಮನೆ, ಅಡುಗೆಮನೆ, ಅವೆರಡರ ನಡುವೆ ಕಿಟಕಿಯೊಂದಿರುವ ಒಂದು ಕೋಣೆ. ಆ ಕಿಟಕಿಗೆ ಅವ್ವ ಹರಿದ ಎರಡು ಛತ್ರಿಗಳ ಬಟ್ಟೆ ಬಿಚ್ಚಿ ಹೊಲಿದ ಪರದೆ ಹಾಕಿದ್ದಳು. ಹೊರಗೆ ಮದರಾಸಿನ ಬಿಸಿಲು ಸುಡುತ್ತಿದ್ದರೂ ಒಳಗೆ ಅಪ್ಪನ ಕೈ ಅಪ್ಪನಿಗೆ ಕಾಣದಷ್ಟು ಕತ್ತಲು.

ಅಪ್ಪ ಮಲಗಿದ ಕೂಡಲೇ ಅವ್ವ ಹಳೆಯದೊಂದು ಕೆಂಪು ಬಾವುಟವನ್ನು ಮುಂಬಾಗಿಲ ಚಿಲಕಕ್ಕೆ ಸಿಕ್ಕಿಸುತ್ತಿದ್ದಳು. ವಠಾರಕ್ಕೆಲ್ಲ ಅದರ ಅರ್ಥ ಗೊತ್ತಿತ್ತು. ಸೊಪ್ಪಿನವಳು ನಮ್ಮ ಬಾಗಿಲ ಮುಂದೆ ಬಂದಾಗ ಕೂಗು ನುಂಗಿಕೊಂಡು, ಎರಡು ಬಾಗಿಲು ದಾಟಿ ಮತ್ತೆ ಶುರು ಮಾಡುತ್ತಿದ್ದಳು. ಹಿತ್ತಲಿನ ಕೈಪಂಪು ಕಿರುಚಬಾರದೆಂದು ಹೆಂಗಸರು ಹಿಡಿಯನ್ನು ನಿಧಾನವಾಗಿ ಒತ್ತುತ್ತಿದ್ದರು. ಕೊಡ ತುಂಬಲು ಎರಡರಷ್ಟು ಹೊತ್ತಾದರೂ ಯಾರೂ ಗೊಣಗಲಿಲ್ಲ. ಪಕ್ಕದ ಬಿಡಾರದ ಮಾಮಿ ಮಾತ್ರ ಬಾಗಿಲಲ್ಲಿ ಬಾವುಟ ಕಂಡರೂ ದಿನಾ, "ಇನ್ನಿಕ್ಕು ನೈಟಾ?" ಇವತ್ತು ನೈಟಾ ಅಂತ ಅವ್ವನನ್ನು ಪಿಸುದನಿಯಲ್ಲಿ ಕೇಳುತ್ತಿದ್ದರು. ಕೇಳದಿದ್ದರೆ ಮಾಮಿಗೆ ಕಾಫಿ ಇಳಿಯುತ್ತಿರಲಿಲ್ಲ. ಹುಬ್ಬಳ್ಳಿಯ ಕಡೆಯವರು ಬರುವ ಮೊದಲು ಕಾಗದ ಬರೆದು ನೈಟ್ ಯಾವ ವಾರ ಎಂದು ಕೇಳಿಕೊಳ್ಳುತ್ತಿದ್ದರು. ನೈಟ್ ವಾರದಲ್ಲಿ ದೀಪಾವಳಿ ಬಿದ್ದರೆ ನಾವು ಪಟಾಕಿಯನ್ನು ಪಕ್ಕದ ಬೀದಿಗೆ ಹೋಗಿ ಹೊಡೆಯಬೇಕು. ದೊಡ್ಡ ಸರದಾರರ ಮನೆಯಲ್ಲೂ ಇಷ್ಟು ಕಟ್ಟುಪಾಡು ಇರಲಾರದು ಎಂದು ನನಗೆ ಅನ್ನಿಸುತ್ತಿತ್ತು. ಜೊತೆಗೆ ಒಳಗೊಳಗೇ ಜಂಬವೂ ಇತ್ತು, ಸುಳ್ಳೇಕೆ ಹೇಳಲಿ.

ಒಂದು ಸಲ ಮಾತ್ರ ಆ ಕಟ್ಟು ಮುರಿಯಿತು, ಮುರಿದವಳು ನಾನೇ. ಮಾವಿನಹಣ್ಣಿನ ಕಾಲ. ನನಗಿಂತ ಆರು ವರ್ಷ ಚಿಕ್ಕವನಾದ ತಮ್ಮನೂ ನಾನೂ ಒಂದು ಓಟೆಗಾಗಿ ಜಗಳಾಡಿದೆವು. ಅವನನ್ನು ನೂಕಿದೆ. ಅವನು ಹೋಗಿ ಹಿತ್ತಾಳೆ ಕೊಡದ ಮೇಲೆ ಬಿದ್ದ, ಕೊಡ ಮೆಟ್ಟಿಲಿನಿಂದ ಉರುಳಿತು. ಅಪ್ಪ ಎದ್ದು ಬಂದ. ನೀರು ಕುಡಿದು ಮತ್ತೆ ಮಲಗಿದ. ಆದರೆ ನಿದ್ದೆ ಹತ್ತಿರಲಿಲ್ಲ. ಆ ರಾತ್ರಿ ಕ್ಯಾಬಿನ್ನಿನಲ್ಲಿ ಅವನಿಗೆ ಜೋಂಪು ಹತ್ತಿ, ಒಂದು ಗೂಡ್ಸ್ ಗಾಡಿ ಸಿಗ್ನಲ್ ಸಿಗದೆ ನಿಂತು ನಿಂತು ಸೀಟಿ ಹಾಕಿತಂತೆ. ಅನಾಹುತ ಏನೂ ಆಗಲಿಲ್ಲ. ವಿವರಣೆ ಕೇಳಿ ಒಂದು ಮೆಮೋ ಬಂತು, ಅಷ್ಟೇ. ಅಪ್ಪ ಅದಕ್ಕೆ ಉತ್ತರವನ್ನು ಮೂರು ಸಲ ಬರೆದು ಮೂರು ಸಲ ಹರಿದು ಹಾಕಿದ್ದನ್ನು ನೋಡಿದೆ. ಮಗಳು ಓಟೆಗಾಗಿ ಜಗಳಾಡಿದಳು ಅಂತ ಅದರಲ್ಲಿ ಬರೆಯಲು ಬರುವುದಿಲ್ಲವಲ್ಲ.

ಅವ್ವ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಸೌಟಿನಿಂದ ಬಾರಿಸಿದಳು. ನೈಟ್ ವಾರವಾದ್ದರಿಂದ ಅಳುವಂತಿರಲಿಲ್ಲ. ಅವಳೂ ಕೂಗಲಿಲ್ಲ. ಮುಖವನ್ನು ಹತ್ತಿರ ತಂದು ಮೆಲ್ಲಗೆ ಹೇಳಿದಳು:

"ನಿಮ್ಮಪ್ಪನ ಕಣ್ಣು ಒಂದು ಗಳಿಗಿ ಮುಚ್ಚಿದ್ರ ಎಷ್ಟು ಮಕ್ಕಳು ತಬ್ಬಲಿ ಆಗ್ತಾವ ಗೊತ್ತೈತೇನ? ಆ ನಿದ್ದಿ ನಮ್ಮದಲ್ಲ, ಗಾಡ್ಯಾಗ ಕುಂತ ಮಂದೀದು. ಇನ್ನೊಮ್ಮೆ ಆ ಬಾಗಲಾ ಮುಟ್ಟಿದ್ರ ಕೈ ಮುರೀತೀನಿ."

ಸೌಟಿನ ಏಟು ಎರಡು ದಿನದಲ್ಲಿ ವಾಸಿಯಾಯಿತು. ಮಾತು ಉಳಿಯಿತು. ಆಮೇಲೆ ನಾನು ಅವ್ವನಿಗಿಂತ ಬಿಗಿಯಾದೆ. ತಮ್ಮ ಬಾಯಿ ತೆರೆದರೆ ಅಂಗೈ ಇಟ್ಟು ಮುಚ್ಚುತ್ತಿದ್ದೆ, ಅಂಚೆಯವನು ಬಾಗಿಲು ಬಡಿಯುವ ಮೊದಲೇ ಹೊರಗೆ ಓಡಿ ಕಾಗದ ಇಸಿದುಕೊಳ್ಳುತ್ತಿದ್ದೆ. ಬೇರೆಯವರು ಮನೆಗೆ ನಾಯಿ ಸಾಕುತ್ತಾರೆ, ನಮ್ಮ ಮನೆಗೆ ನಾನಿದ್ದೆ.

ಎಪ್ಪತ್ತರ ದಶಕದ ನಡುವೆ, ನನಗೆ ಹನ್ನೊಂದು ತುಂಬಿದ ವರ್ಷ ಅದು. ಶಾಲೆಗೆ ರಜೆ. ಅಪ್ಪನಿಗೆ ನೈಟ್ ವಾರದ ಐದನೇ ದಿನ. ಎಂದಿನಂತೆ ಒಂಬತ್ತಕ್ಕೆ ಮಲಗಿದ್ದ. ಹತ್ತು ಗಂಟೆ ಸುಮಾರಿಗೆ ಅವ್ವ ಅಡುಗೆಮನೆಯಲ್ಲಿ ಮೆಂತ್ಯದ ಸೊಪ್ಪು ಸೋಸುತ್ತ ಕುಳಿತವಳು ತಟ್ಟನೆ ಹೊಟ್ಟೆ ಹಿಡಿದುಕೊಂಡಳು. ಮುಖ ಕಿವುಚಿಕೊಂಡು ಸ್ವಲ್ಪ ಹೊತ್ತು ಹಾಗೇ ಕುಳಿತಳು. ವಾಯು ಆಗಿದೆ ಎಂದು ಅಜವಾನದ ನೀರು ಕಾಯಿಸಿ ಕುಡಿದಳು. ಅದು ವಾಂತಿಯಾಯಿತು. ವಾಂತಿಯ ಸದ್ದು ಕೋಣೆಗೆ ಕೇಳಬಾರದೆಂದು ಹಿತ್ತಲ ಮೂಲೆಯವರೆಗೂ ಗೋಡೆ ಹಿಡಿದು ನಡೆದು ಹೋದಳು. ಅವಳ ಹಿಂದೆ ತಂಬಿಗೆಯಲ್ಲಿ ನೀರು ಹಿಡಿದು ಹೋದೆ.

ಬಂದವಳು ಅಡುಗೆಮನೆಯ ನೆಲದ ಮೇಲೆ ಮಗ್ಗುಲಾದಳು. ಚಾಪೆ ತರುತ್ತೇನೆ ಎಂದರೆ ಬೇಡ, ನೆಲ ತಣ್ಣಗಿದೆ ಎಂದಳು.

"ಹೆಗಲು ನೋಯಾಕತ್ತೈತಿ, ಒಂಚೂರು ಒತ್ತವಾ."

ಹೊಟ್ಟೆ ನೋವಿಗೆ ಹೆಗಲು ಯಾಕೆ ನೋಯುತ್ತದೆ ಎಂದು ನನಗೆ ಅರ್ಥವಾಗಲಿಲ್ಲ. ಒತ್ತಿದೆ. ಒತ್ತಿದಷ್ಟೂ ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡು ಕಚ್ಚುತ್ತಿದ್ದಳು. ನಾನು ಒತ್ತುವುದು ಜೋರಾಯಿತೇನೋ ಎಂದುಕೊಂಡೆ.

"ಅಪ್ಪನ್ನ ಎಬ್ಬಸ್ಲೇನು?" ಅಂತ ಕೇಳಿದೆ.

"ಬ್ಯಾಡ. ಐದನೇ ನೈಟ್ ಐತಿ. ಮೂರಕ್ಕ ಏಳ್ತಾರಲ್ಲ, ಆಗ ನೋಡೂಣು."

ಹನ್ನೊಂದಕ್ಕೆ ಮಾಮಿ ಮೊಸರಿಗೆ ಹೆಪ್ಪು ಕೇಳಲು ಬಂದರು. ಹೊಸಿಲ ಆಚೆ ನಿಂತು ಅವ್ವನ ಕಡೆ ನೋಡಿ, "ಎನ್ನ ಆಚ್ಚು?" ಎಂದರು. ಏನಾಯಿತು ಎಂದು ಕೇಳಿದ್ದಕ್ಕೆ ಅವ್ವ ಎದ್ದು ಕುಳಿತು ನಕ್ಕು, "ಒಣ್ಣುಮಿಲ್ಲೆ ಮಾಮಿ, ವಯಿತ್ತು ವಲಿ," ಏನೂ ಇಲ್ಲ, ಬರೀ ಹೊಟ್ಟೆನೋವು ಅಂದಳು. ಮಾಮಿ ಬಾಗಿಲಿನ ಬಾವುಟ ನೋಡಿ ದನಿ ತಗ್ಗಿಸಿ, ಬೆಲ್ಲ ಹಾಕಿ ಶುಂಠಿ ಕಷಾಯ ಮಾಡಿಕೊಡು ಎಂದು ನನಗೆ ಹೇಳಿ ಹೋದರು. ಅವರು ಹೋದದ್ದೇ ತಡ ಅವ್ವ ಮತ್ತೆ ನೆಲಕ್ಕೆ ಒರಗಿದಳು.

ಹನ್ನೆರಡು ದಾಟಿತು. ತಮ್ಮನಿಗೆ ಹಸಿವಾಗಿ ಬೆಳಗಿನ ರೊಟ್ಟಿಗೆ ಸಕ್ಕರೆ ಹಚ್ಚಿ ಕೊಟ್ಟೆ. ಅವನು ಅವ್ವನ ಪಕ್ಕ ಕುಳಿತು ತಿನ್ನುತ್ತ, "ಅಮ್ಮಾ ಏನ್ ತೂಂಗ್ರಾ?" ಯಾಕೆ ಮಲಗಿದಾಳೆ ಅಂತ ತಮಿಳಿನಲ್ಲೇ ಕೇಳಿದ. ಅವನ ಬಾಯಿಗೆ ಕನ್ನಡ ಅಷ್ಟಾಗಿ ಬರುತ್ತಿರಲಿಲ್ಲ. ನೋಡಿದರೆ ಅವ್ವನ ತುಟಿ ಬಿಳಚಿಕೊಂಡಿತ್ತು. ಹಣೆಯ ಮೇಲೆ ಬೆವರು, ಮುಟ್ಟಿದರೆ ತಣ್ಣಗೆ. ಆ ಸೆಕೆಯಲ್ಲಿ ಮನುಷ್ಯರ ಮೈ ಅಷ್ಟು ತಣ್ಣಗಿರುವುದನ್ನು ನಾನು ಕಂಡಿರಲಿಲ್ಲ. ಅವಳು ಕಣ್ಣು ತೆರೆದು ಸುತ್ತ ನೋಡಿ, "ಕತ್ತಲಾತೇನ?" ಅಂದಳು. ಇಲ್ಲವೆಂದೆ. ಆಗ ಹೇಳಿದಳು:

"ಅಪ್ಪನ್ನ ಎಬ್ಬಸು."

ನಾನು ಎದ್ದು ನಿಂತೆ, ಆದರೆ ಕಾಲು ಕೀಳಲಿಲ್ಲ. ಅವಳು ಮೊಳಕೈ ಊರಿ ಸ್ವಲ್ಪ ಮೇಲೆದ್ದು ಇನ್ನೊಮ್ಮೆ ಜೋರಾಗಿ ಅಂದಳು:

"ಎಬ್ಬಸವಾ, ಎಬ್ಬಸು ಅವ್ರನ್ನ. ನನಗ ಆಗವಲ್ದು."

ಕೋಣೆಯ ಬಾಗಿಲಿಗೆ ಹೋದೆ. ಚಿಲಕದ ಮೇಲೆ ಕೈ ಇಟ್ಟೆ. ಬಳೆ ಸದ್ದು ಮಾಡಿತು. ಮೊಣಕೈಯವರೆಗೆ ಬಳೆ ಸರಿಸಿಕೊಂಡೆ. ಒಳಗೆ ಟೇಬಲ್ ಫ್ಯಾನು ತಿರುಗುವುದು ಕೇಳುತ್ತಿತ್ತು. ಗೋಡೆ ಗಡಿಯಾರದಲ್ಲಿ ಹನ್ನೆರಡೂ ಮುಕ್ಕಾಲು. ಒಂಬತ್ತಕ್ಕೆ ಮಲಗಿದ್ದಾನೆ, ಇನ್ನೂ ನಾಲ್ಕು ತಾಸೂ ಆಗಿಲ್ಲ ಎಂದು ಲೆಕ್ಕ ಹಾಕಿದೆ. ಈಗ ಎಬ್ಬಿಸಿದರೆ ಮತ್ತೆ ನಿದ್ದೆ ಬಾರದು. ರಾತ್ರಿ ಜೋಂಪು ಹತ್ತಿದರೆ ಈ ಸಲ ಬರೀ ಸೀಟಿಯಲ್ಲಿ ಮುಗಿಯುತ್ತದೋ ಇಲ್ಲವೋ. ನೋವು ಇಳಿದ ಮೇಲೆ ಅವ್ವನೇ, ನಾನು ಏನೋ ಸಂಕಟಕ್ಕೆ ಅಂದರೆ ನಿನಗೆ ಬುದ್ಧಿ ಎಲ್ಲಿ ಹೋಗಿತ್ತು ಎಂದು ಸೌಟು ತೆಗೆಯುತ್ತಾಳೆ. ಒಂದು ಗಂಟೆ ಆಗಲಿ, ಆಮೇಲೆ ಎಬ್ಬಿಸೋಣ ಎಂದುಕೊಂಡೆ. ಚಿಲಕದಿಂದ ಕೈ ತೆಗೆದೆ.

ಒಂದು ಗಂಟೆಗೆ ಹೋಗಿ ನೋಡಿದರೆ ಅವ್ವ ಸುಮ್ಮನಾಗಿದ್ದಳು. ಸೆರಗು ಬಾಯಿಂದ ಜಾರಿತ್ತು. ಮತ್ತೆ ಎಬ್ಬಿಸು ಅನ್ನಲಿಲ್ಲ. ನಿದ್ದೆ ಹತ್ತಿದೆ ಎಂದುಕೊಂಡೆ. ನನಗೆ ಎಷ್ಟು ಸಮಾಧಾನವಾಯಿತೆಂದರೆ, ಬರೆಯಲು ನಾಚಿಕೆಯಾಗುತ್ತದೆ. ನಾನು ಜಾಣೆ, ಎಬ್ಬಿಸದೆ ಇದ್ದದ್ದೇ ಒಳ್ಳೆಯದಾಯಿತು ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಮನೆಯಲ್ಲಿ ಈಗ ಇಬ್ಬರು ಮಲಗಿದ್ದಾರೆ ಎಂದು ತಮ್ಮನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂರಿಸಿ ಪಿಸುಗುಟ್ಟಿ ಕಥೆ ಹೇಳಿದೆ.

ಎರಡು ಗಂಟೆಯ ಹೊತ್ತಿಗೆ ಮಾಮಿ ಒಂದು ಲೋಟದಲ್ಲಿ ತಾವೇ ಕಷಾಯ ಮಾಡಿಕೊಂಡು ಬಂದರು. ಅಡುಗೆಮನೆಗೆ ಕಾಲಿಟ್ಟವರು ಕಿರುಚಿದರು. ಅಷ್ಟು ವರ್ಷದಲ್ಲಿ ನಮ್ಮ ನೈಟ್ ವಾರದಲ್ಲಿ ಯಾರಾದರೂ ಕಿರುಚಿದ್ದು ಅದೇ ಮೊದಲು. ಕೋಣೆಯ ಬಾಗಿಲು ತೆರೆದು ಅಪ್ಪ ಓಡಿ ಬಂದ. ಅವ್ವನನ್ನು ಎರಡು ಕೈಯಲ್ಲಿ ಎತ್ತಿಕೊಂಡ. ಅವಳ ತಲೆ ಹಿಂದಕ್ಕೆ ಜೋತುಬಿತ್ತು. ಮಾಮಿ ಸೈಕಲ್ ರಿಕ್ಷಾ ತರಿಸಿದರು. ನಾನೂ ಅಪ್ಪನ ಕಾಲ ಬಳಿ ಹತ್ತಿ ಕುಳಿತೆ. ತಮ್ಮನನ್ನು ಮಾಮಿ ಹಿಡಿದುಕೊಂಡರು.

ರೈಲ್ವೆ ಗೇಟು ಮುಚ್ಚಿತ್ತು. ಅಪ್ಪ ಬನಿಯನ್ನಿನಲ್ಲಿ, ಅವ್ವನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕುಳಿತಿದ್ದ. ಬರುತ್ತಿರುವುದು ಯಾವ ಗಾಡಿ, ಎಷ್ಟು ಹೊತ್ತಿಗೆ ದಾಟುತ್ತದೆ, ಎಲ್ಲ ಅವನಿಗೆ ಗೊತ್ತಿತ್ತು. "ಐದು ನಿಮಿಷ," ಅಂದ. ಸ್ವಲ್ಪ ಹೊತ್ತಾದ ಮೇಲೆ ಮತ್ತೆ, "ಮೂರು ನಿಮಿಷ," ಅಂದ. ಅವ್ವನ ಕೆನ್ನೆ ತಟ್ಟುತ್ತ ಅವಳಿಗೇ ಹೇಳುತ್ತಿದ್ದ. ಗಾಡಿ ಬಂತು, ಹೋಯಿತು, ಗೇಟು ತೆರೆಯಿತು. ಆಸ್ಪತ್ರೆಯವರು ನಾಡಿ ಹಿಡಿದು ನೋಡಿ, ಸ್ಟ್ರೆಚರನ್ನು ಒಳಗೆ ತಳ್ಳದೆ ಗೋಡೆಯ ಪಕ್ಕಕ್ಕೆ ನಿಲ್ಲಿಸಿದರು.

ಗರ್ಭಕೋಶದಲ್ಲಿ ನಿಲ್ಲಬೇಕಾದ ಬಸಿರು ನಾಳದಲ್ಲಿ ನಿಂತು ಒಡೆದು, ಹೊಟ್ಟೆಯ ಒಳಗೇ ರಕ್ತ ಹೋಗಿತ್ತು. ಹಾಗಾದಾಗ ಹೆಗಲು ನೋಯುತ್ತದಂತೆ. ಮಧ್ಯಾಹ್ನದ ಹೊತ್ತಿಗೆ ಕರೆತಂದಿದ್ದರೂ ಏನಾದರೂ ಮಾಡಬಹುದಿತ್ತು ಎಂದು ಡಾಕ್ಟರು ಅಪ್ಪನಿಗೆ ಹೇಳಿದರು. ನಾನು ಅಲ್ಲೇ ಬೆಂಚಿನ ಮೇಲೆ ಇದ್ದೆ. ಮಧ್ಯಾಹ್ನ ಎಂದರೆ ಎಷ್ಟು ಗಂಟೆ ಎಂದು ಕೇಳಬೇಕು ಅನ್ನಿಸಿತು. ಕೇಳಲಿಲ್ಲ.

ಹುಬ್ಬಳ್ಳಿಯಿಂದ ಸೋದರತ್ತೆ ಬಂದಳು. ಅಪ್ಪನ ಅಕ್ಕ. ಮಣ್ಣು ಮಾಡಿದ ಮರುದಿನ ನನ್ನನ್ನು ಮಡಿಲಿಗೆ ಎಳೆದುಕೊಂಡು, ಮನೆ ತುಂಬ ಜನರಿರುವಾಗ ಕೇಳಿದಳು:

"ಯವ್ವಾ, ನಿಮ್ಮಪ್ಪ ಒಳಗ ಇದ್ನಲ್ಲ, ಯಾಕ ಎಬ್ಬಸಲಿಲ್ಲ?"

"ಅವ್ವಾನ ಬ್ಯಾಡ ಅಂದ್ಲು," ಅಂದೆ.

ಸುಳ್ಳೇನಲ್ಲ. ಹತ್ತು ಗಂಟೆಗೆ ಬೇಡ ಅಂದಿದ್ದಳು. ಹನ್ನೆರಡೂ ಮುಕ್ಕಾಲಿನ ಮಾತನ್ನು ನಾನು ನುಂಗಿದೆ. ಒಂದು ಸಲ ನುಂಗಿದ ಮೇಲೆ ಅದು ಹೊರಗೆ ಬರಲು ಒಪ್ಪಲೇ ಇಲ್ಲ. ಅಪ್ಪ ಎದುರಿಗೆ ಕಂಬಕ್ಕೆ ಒರಗಿ ಕುಳಿತಿದ್ದ. ನನ್ನ ಮುಖವನ್ನೊಮ್ಮೆ ನೋಡಿ, ಎದ್ದು ಹಿತ್ತಲಿಗೆ ಹೋದ.

ಅತ್ತೆ ಆ ಮಾತನ್ನು ಊರಿಗೆ ಕೊಂಡೊಯ್ದಳು. ಸಾಯುವ ಹೊತ್ತಿನಲ್ಲೂ ಗಂಡನ ನಿದ್ದೆ ಕೆಡಿಸದ ಹೆಂಗಸು! ಎರಡು ವರ್ಷ ಕಳೆಯುವಷ್ಟರಲ್ಲಿ ಅವ್ವ ನಮ್ಮ ಬಳಗದಲ್ಲಿ ಶರಣೆಯಾಗಿಬಿಟ್ಟಿದ್ದಳು. ಮದುವೆಗೆ ಹೋದರೆ, ಮಠಕ್ಕೆ ಹೋದರೆ, ಯಾರೋ ನನ್ನ ಗದ್ದ ಹಿಡಿದು, ಈಕೆ ಆಕೆಯ ಮಗಳು ಅನ್ನುವರು. ಕೇಳಿದವರು ಕಣ್ಣು ಒರೆಸಿಕೊಳ್ಳುವರು. ಒಬ್ಬರು ಅವ್ವ ಸತ್ತದ್ದು ಅಪ್ಪನ ಪಾದದ ಬಳಿ ಎಂದರು, ಮತ್ತೊಬ್ಬರು ನಗುನಗುತ್ತ ಪ್ರಾಣ ಬಿಟ್ಟಳೆಂದರು. ಸೆರಗು ಕಚ್ಚಿದ್ದು, ಮೊಳಕೈ ಊರಿ ಎದ್ದು ಕೂಗಿದ್ದು ನನಗೊಬ್ಬಳಿಗೇ ಗೊತ್ತಿತ್ತು. ನನಗೆ ಅವರ ಮೇಲೆ ಬಂದ ಸಿಟ್ಟಿಗೆ ಅಳತೆಯಿಲ್ಲ. ಬದುಕಬೇಕೆಂದು ಕೂಗಿದವಳನ್ನು ಇವರು ಸಾಯಲು ಒಪ್ಪಿದವಳನ್ನಾಗಿ ಮಾಡಿದ್ದರು. ಮಾಡಲು ಸರಕು ಕೊಟ್ಟವಳು ನಾನು. ಅಪ್ಪ ಮಾತ್ರ, ಆ ಮಾತು ಶುರುವಾದರೆ ಸಾಕು, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗುತ್ತಿದ್ದ. ದುಃಖ ತಡೆಯಲಾರದೆ ಹೋಗುತ್ತಾನೆ ಎಂದು ಎಲ್ಲರೂ ಅನ್ನುತ್ತಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ.

ನೈಟ್ ವಾರ ನಿಲ್ಲಲಿಲ್ಲ. ಹನ್ನೊಂದು ದಿನ ರಜೆ ಹಾಕಿದ್ದ ಅಪ್ಪ ಮತ್ತೆ ಡ್ಯೂಟಿಗೆ ಹೋದ. ಛತ್ರಿ ಬಟ್ಟೆಯ ಪರದೆಯನ್ನು ತೆಗೆದುಹಾಕಿದ, ಬಾಗಿಲಿಗೆ ಬಾವುಟ ಕಟ್ಟುವುದು ಬೇಡವೆಂದ. ಆದರೂ ವಠಾರದವರು ಪಂಪನ್ನು ಮೊದಲಿಗಿಂತ ಮೆಲ್ಲಗೆ ಒತ್ತಿದರು. ಅಪ್ಪ ಹಗಲು ಮಲಗಿದಾಗ ನಾನು ಅಡುಗೆಮನೆಯಿಂದ ಇಣುಕುತ್ತಿದ್ದೆ. ಬಹಳ ಸಲ ಕಣ್ಣು ತೆರೆದೇ ಇರುತ್ತಿತ್ತು. ನನ್ನನ್ನು ಕಂಡರೆ ಗೋಡೆಯ ಕಡೆ ಹೊರಳುತ್ತಿದ್ದ. ಮೂರು ವರ್ಷದ ಮೇಲೆ ಕಣ್ಣಿನ ಪರೀಕ್ಷೆಯಲ್ಲಿ ಏನೋ ತೊಂದರೆ ಎಂದು ಅವನನ್ನು ಆಫೀಸಿನ ಕೆಲಸಕ್ಕೆ ಹಾಕಿದರು. ಬೆಳಿಗ್ಗೆ ಹೋಗಿ ಸಂಜೆ ಬರುವ ಕೆಲಸ. ನಾವು ಕ್ರೋಂಪೇಟೆಗೆ ಮನೆ ಬದಲಾಯಿಸಿದೆವು. ಗಾಳಿ ಬೀಸಿದರೆ ಚರ್ಮ ಹದ ಮಾಡುವ ವಾಸನೆ ಬರುವ ಓಣಿ. ಬಾಡಿಗೆ ಕಡಿಮೆ, ಸ್ಟೇಷನ್ ಹತ್ತಿರ.

ಅಲ್ಲಿಂದಾಚೆ ಆ ಪದ ನಮ್ಮ ಮನೆ ಬಿಟ್ಟಿತು, ಲೋಕ ಬಿಡಲಿಲ್ಲ. ತಮ್ಮ ಗೆಳೆಯರ ಜೊತೆ ನೈಟ್ ಶೋ ಅನ್ನತೊಡಗಿದ. ನನಗೆ ಇನ್ಶೂರೆನ್ಸ್ ಆಫೀಸಿನಲ್ಲಿ ಟೈಪಿಸ್ಟ್ ಕೆಲಸ ಸಿಕ್ಕಿತು. ಅಲ್ಲಿ ಸಂಜೆ ಐದೂವರೆಗೆ, ಬಿಸಿಲು ಇನ್ನೂ ಕಣ್ಣಿಗೆ ಹೊಡೆಯುತ್ತಿರುವಾಗಲೇ, ಎಲ್ಲರೂ ಗುಡ್ ನೈಟ್ ಹೇಳಿ ಬಸ್ಸಿಗೆ ಓಡುವರು. ಎಂಬತ್ತರ ದಶಕ ಬಂದದ್ದೇ ಓಣಿಯ ಹೆಂಗಸರೆಲ್ಲ ನೈಟಿ ಹಾಕಿದರು, ಅದನ್ನೇ ತೊಟ್ಟು ಮೇಲೊಂದು ಟವೆಲ್ ಹೊದ್ದು ಹಾಡುಹಗಲೇ ತರಕಾರಿ ಅಂಗಡಿಗೂ ಹೊರಟರು. ನಗು ಬರುತ್ತಿತ್ತು. ನಾನು ಗುಡ್ ನೈಟ್ ಹೇಳಲಿಲ್ಲ, ನೈಟಿ ಕೊಳ್ಳಲಿಲ್ಲ. ಗರ್ವದವಳು ಎಂದು ಆಫೀಸಿನಲ್ಲಿ ಹೆಸರಾಯಿತು. ಇರಲಿ ಎಂದು ಬಿಟ್ಟೆ.

ಇಪ್ಪತ್ತೆರಡಕ್ಕೆ ನನ್ನ ಮದುವೆ ಗೊತ್ತಾಯಿತು. ಬ್ಯಾಂಕಿನಲ್ಲಿ ಕೆಲಸದ ಹುಡುಗ, ದಾವಣಗೆರೆಯ ಕಡೆಯವರು, ಇದ್ದದ್ದು ಮದರಾಸಿನಲ್ಲೇ. ಮದುವೆಯ ಹಿಂದಿನ ದಿನ ಹುಬ್ಬಳ್ಳಿಯ ಸೋದರತ್ತೆ, ಬಳಗದ ಹೆಂಗಸರು ನಡುಮನೆಯಲ್ಲಿ ಕುಳಿತು ನನಗೆ ಬಳೆ ಇಡಿಸುತ್ತಿದ್ದರು. ಎರಡೂ ಕೈ ತುಂಬ ಹಸಿರು ಬಳೆ. ಅತ್ತೆ ನನ್ನ ಕೈ ಹಿಡಿದುಕೊಂಡು ಎಲ್ಲರಿಗೂ ಕೇಳುವಂತೆ ಶುರು ಮಾಡಿದಳು:

"ನಿಮ್ಮವ್ವ ಹೆಂಗಿದ್ಲು, ಹಂಗಿರು. ಜೀವ ಹೋಗ್ಲಿಕ್ಕತ್ತಿದ್ರೂ ಗಂಡನ್ನ ಕರೀಲಿಲ್ಲ ಆಕಿ. ಅಂಥಾಕಿ ಮಗಳು ಅನ್ನಸ್ಕೋ."

ಹೆಂಗಸರು ತಲೆಯಾಡಿಸಿದರು. ನನ್ನ ಹೊಟ್ಟೆಯಲ್ಲಿ ಮಗಳು ಹುಟ್ಟಿದರೆ ಅವಳಿಗೂ ಇದನ್ನೇ ಹೇಳಿ ಬೆಳೆಸುತ್ತಾರೆ, ಯಾವುದೋ ಅಡುಗೆಮನೆಯ ನೆಲದ ಮೇಲೆ ಅವಳೂ ಸೆರಗು ಕಚ್ಚುತ್ತಾಳೆ. ಇದು ಇವತ್ತೇ ಮುಗಿಯಬೇಕು. ಎಲ್ಲರ ಮುಂದೆ ಹೇಳಿಬಿಡುತ್ತೇನೆ. ಆದರೆ ಮೊದಲು ಅಪ್ಪನಿಗೆ ಹೇಳಬೇಕು. ಮೊದಲು ಕೇಳುವ ಹಕ್ಕು ಅವನದು ಎಂದುಕೊಂಡು ಎದ್ದೆ. ಬಳೆಗಾರ್ತಿ ಇನ್ನೆರಡು ಬಾಕಿ ಇದೆ ಎಂದಳು, ನಿಲ್ಲಲಿಲ್ಲ.

ಅಪ್ಪ ಹಿಂದಿನ ಜಗುಲಿಯಲ್ಲಿ ಒಬ್ಬನೇ ಕುಳಿತು ಎಲೆ ಅಡಿಕೆ ಜೋಡಿಸುತ್ತಿದ್ದ. ಎರಡೆಲೆ, ಒಂದಡಿಕೆ, ಮಡಚಿ ತಟ್ಟೆಗೆ. ಎದುರಿಗೆ ಕುಳಿತೆ.

"ಅಪ್ಪಾ, ಅವ್ವ ನಿನ್ನ ಎಬ್ಬಸು ಅಂದಿದ್ಲು. ಎರಡ ಸರ್ತಿ ಅಂದ್ಲು. ನಾನ ಎಬ್ಬಸಲಿಲ್ಲ."

ಅಪ್ಪನ ಕೈ ನಿಂತಿತು. ಬೈಯುತ್ತಾನೆ, ಇಲ್ಲವೇ ಅಳುತ್ತಾನೆ, ಇಲ್ಲವೇ ಎದ್ದು ಹೋಗುತ್ತಾನೆ ಎಂದು ಕಾದೆ. ಮೂರಕ್ಕೂ ನಾನು ತಯಾರಾಗಿದ್ದೆ.

"ಗೊತ್ತೈತಿ," ಅಂದ.

ಮಾಮಿ ಏನಾದರೂ ಊಹಿಸಿ ಹೇಳಿರಬೇಕು ಅನ್ನಿಸಿತು. "ಯಾರ ಹೇಳಿದ್ರು?" ಅಂತ ಕೇಳಿದೆ.

"ಯಾರೂ ಹೇಳಿಲ್ಲ. ನನಗ ಕೇಳಿಸಿತ್ತು." ಎಲೆಯ ತೊಟ್ಟು ಮುರಿಯುತ್ತ ನನ್ನ ಕಡೆ ನೋಡದೆ ಹೇಳಿದ. "ಆಕಿ ಎರಡನೇ ಸರ್ತಿ ಒದರಿದಾಗ ನನಗ ಎಚ್ಚರಾತು. ನೀ ಬಾಗಲದ ತನಕ ಬಂದದ್ದೂ ಗೊತ್ತಾತು, ನಿನ್ನ ಕೈಬಳಿ ಸಪ್ಪಳ ಆತಲ್ಲ. ನೀ ಬಾಗಲಾ ತಗದ್ರ ಏಳೂಣು ಅಂತ ಮಲಗೇ ಇದ್ದೆ. ನೀ ತಗೀಲಿಲ್ಲ. ಹಂಗಾರ ಅಂಥಾದ್ದೇನೂ ಇರಾಕಿಲ್ಲ, ಎದ್ರ ಸುಮ್ನ ನಿದ್ದಿ ಹೋಗ್ತೈತಿ ಅಂತ ಮಗ್ಗಲಾದೆ. ಮತ್ತ ನಿದ್ದಿ ಹತ್ತಿಬಿಡ್ತು."

ನಡುಮನೆಯಲ್ಲಿ ಹೆಂಗಸರು ಯಾವುದಕ್ಕೋ ನಗುತ್ತಿದ್ದರು. ಹನ್ನೊಂದು ವರ್ಷ ನಾನೊಬ್ಬಳೇ ಕೊಂದೆ ಎಂದುಕೊಂಡು ಬದುಕಿದ್ದೆ. ಪ್ರತಿ ದಿನ ಅವನಿಗೆ ಅನ್ನ ಬಡಿಸುವಾಗ ಇವನ ಹೆಂಡತಿಯನ್ನು ಕೊಂದ ಕೈ ಇದು ಎಂದುಕೊಂಡು ಬಡಿಸಿದ್ದೆ.

"ಮತ್ತ ಇಷ್ಟು ವರ್ಷ ಯಾಕ ಹೇಳಲಿಲ್ಲ?"

"ನೀನ ಒಂದಿನಾ ಹೇಳ್ತಿ ಅಂತ ಕಾಯ್ಕೊಂತ ಇದ್ದೆ. ನೀ ಹೇಳಿದ್ರ ನಾನೂ ಹೇಳೂಣು ಅಂತ."

"ನಾ ಆಗ ಹನ್ನೊಂದು ವರ್ಷದಾಕಿ, ಅಪ್ಪಾ."

ಅಪ್ಪ ಹೂಂ ಅಂದ. ತಲೆ ಎತ್ತಲಿಲ್ಲ. ಕ್ಷಮಿಸು ಎಂದು ಅವನು ಕೇಳಲಿಲ್ಲ, ಕೇಳಿದ್ದರೂ ಆ ಹೊತ್ತು ನನ್ನ ಬಾಯಿಂದ ಕ್ಷಮಿಸಿದೆ ಎಂಬ ಮಾತು ಬರುತ್ತಿರಲಿಲ್ಲ. ಎದ್ದು ಒಳಗೆ ಹೋಗಿ, ಬಳಗದವರೆಲ್ಲರ ಮುಂದೆ ನಿಂತು, ಅವ್ವ ಅಪ್ಪನನ್ನು ಕೂಗಿ ಕರೆದಿದ್ದಳು ಎಂದು ಹೇಳಿದೆ. ಕರೆದದ್ದು ನಮ್ಮಿಬ್ಬರಿಗೂ ಕೇಳಿಸಿತ್ತು ಎಂದೂ ಹೇಳಿದೆ.